ಟಾರ್ಪಾಲಿಗೊಂದು ಬಾಗಿಲು

ಟಾರ್ಪಾಲಿನ ಮುಂದೆ ನಿಂತು ಒಳಗಿದ್ದವರನ್ನು ಹೇಗೆ ಕರೆಯಬೇಕೆಂದು ಸರ್ವಮಂಗಳಳಿಗೆ ತಿಳಿಯಲಿಲ್ಲ.

ಮನೆಯಾಗಿದ್ದರೆ ಚಿಲಕ ಸದ್ದು ಮಾಡಬಹುದಿತ್ತು. ಇಲ್ಲಿದ್ದದ್ದು ಕಾಫಿ ಕಣದ ಪಕ್ಕದ ಎರಡು ಸಿಲ್ವರ್ ಓಕ್ ಮರ, ಅವುಗಳ ನಡುವೆ ಎಳೆದು ಕಟ್ಟಿದ ಹಗ್ಗ, ಹಗ್ಗದ ಮೇಲೆ ಹೊದಿಸಿದ ಹಸಿರು ಟಾರ್ಪಾಲು. ಅದರಡಿ ಮಿಲಿಟರಿಯವರ ಜೋಲಿಯೊಂದು ತೂಗುತ್ತಿತ್ತು. ಎರಡು ತುದಿಯೂ ಬಯಲು. ಜೋಲಿಯ ಅಂಚಿನಿಂದ ಇಳಿಬಿದ್ದ ಒಂದು ಕಾಲು ಮಾತ್ರ ಕಾಣುತ್ತಿತ್ತು.

"ಬಾಗಿಲು ತಂದಿದೀನಿ," ಎಂದಳು.

ಕಾಲು ತಟ್ಟನೆ ಒಳಗೆ ಸರಿಯಿತು.

"ಅತ್ತಿಗೆ ಹತ್ರ ಕೊಟ್ಟು ಹೋಗು," ಎಂದಿತು ಒಳಗಿನ ದನಿ. ಅವಳು ಯಾರೆಂದು ಅವನು ಕೇಳಲಿಲ್ಲ.

ಸೋಮವಾರಪೇಟೆಯಲ್ಲಿ ಅವಳಪ್ಪನದು ಬಟ್ಟೆ ಅಂಗಡಿ. ಹಿಂದಿನ ಕೋಣೆಯ ಹೊಲಿಗೆ ಮಿಷನ್ನು ಅವಳದು. ಎಸ್ಟೇಟಿನ ಸಣ್ಣಸ್ವಾಮಿ ಬಂದು, ಟಾರ್ಪಾಲಿನ ಎರಡು ತುದಿಗೂ, ಒಂದರ ಮೇಲೊಂದು ಬರುವ ಎರಡೆರಡು ಬಟ್ಟೆಯ ಎಲೆಗಳ ಬಾಗಿಲು ಹೊಲಿದುಕೊಡಿ ಎಂದು ಅಳತೆ ಕೊಟ್ಟು ಹೋಗಿದ್ದ. ಯಾರಿಗೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಊರೆಲ್ಲ ಆಗಲೇ ಆಡಿಕೊಳ್ಳುತ್ತಿತ್ತು: ಸಣ್ಣಸ್ವಾಮಿಯ ತಮ್ಮ ಸಾಂತಪ್ಪ ಮೈಸೂರಿನ ಕ್ಷಯದ ಆಸ್ಪತ್ರೆಯಿಂದ ವಾಪಸು ಬಂದಿದ್ದಾನಂತೆ, ಅಣ್ಣನ ಮನೆಯಲ್ಲಿ ಎಳೆ ಕೂಸಿದೆ ಎಂದು ಒಳಗೆ ಕಾಲಿಡದೆ, ತಾನೇ ಕೂಸಿನ ಹಾಗೆ ಜೋಲಿಯಲ್ಲಿ ಮಲಗುತ್ತಾನಂತೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವಳಿಗೂ ಸಾಂತಪ್ಪನಿಗೂ ವೀಳ್ಯ ಬದಲಾಗಿತ್ತು. ಮದುವೆಗೆ ಮೊದಲೇ ಅವನ ಕೆಮ್ಮಿನಲ್ಲಿ ರಕ್ತ ಕಂಡಿತು. ಅವನು ಆಸ್ಪತ್ರೆ ಸೇರಿ ಕೆಲವು ತಿಂಗಳಾದ ಮೇಲೆ ಸಣ್ಣಸ್ವಾಮಿ ಅಂಗಡಿಗೆ ಬಂದು, "ತಮ್ಮನಿಗೆ ಈ ಸಂಬಂಧ ಬೇಡವಂತೆ," ಎಂದಷ್ಟೇ ಹೇಳಿ ತಲೆತಗ್ಗಿಸಿ ಹೋಗಿದ್ದ. ಯಾಕೆ ಬೇಡ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಅದನ್ನು ಕೇಳಲೆಂದೇ ಈಗ ಗುಡ್ಡ ಹತ್ತಿ ಬಂದಿದ್ದಳು.

"ಹೊಲಿದೋಳು ನಾನು. ಸರಿಯಾಗಿ ಕೂರ್ತದೋ ಇಲ್ವೋ ನಾನೇ ನೋಡ್ತೀನಿ," ಎಂದು ಗಂಟು ಬಿಚ್ಚಿದಳು.

ಅವನು ಇಳಿದು ಬಂದ. ತೀರ ತೆಳ್ಳಗಾಗಿದ್ದ. ಕಣ್ಣು ಮಾತ್ರ ಹಿಂದಿನವೇ, ಬಾಯಿ ಗಂಭೀರವಾಗಿದ್ದಾಗಲೂ ಒಳಗೊಳಗೇ ನಗುವ ಕಣ್ಣು. ಟವಲ್ಲನ್ನು ಮೂಗು ಬಾಯಿಗೆ ಸುತ್ತಿಕೊಂಡು ಆಚೆಯ ಮರಕ್ಕೆ ಒರಗಿ ನಿಂತ.

ಅವಳು ಟಾರ್ಪಾಲಿನ ಅಂಚಿಗೆ ಎಲೆಗಳನ್ನು ಪೋಣಿಸಿ ಕಟ್ಟಿದಳು. ಕೆಳತುದಿಯನ್ನು ಗೂಟಕ್ಕೆ ಎಳೆಯುವಷ್ಟರಲ್ಲಿ ಗಾಳಿ ಬೀಸಿ, ಎಲೆ ಹಾರಿ ಅವಳ ಕೆನ್ನೆಗೇ ಹೊಡೆಯಿತು. ಟವಲ್ಲಿನ ಹಿಂದೆ ಅವನು ನಕ್ಕಿದ್ದು ಕಣ್ಣಲ್ಲಿ ಕಂಡಿತು.

"ಪಡುವಣ ಕಡೆಯ ಎಲೆ ಮೇಲಿರಬೇಕು," ಎಂದ. "ಗಾಳಿ ಆ ಕಡೆಯಿಂದ ಬರ್ತದೆ. ಕೆಳಗೆ ಹಾಕಿದ್ರೆ ಸಂದೀಲಿ ನುಗ್ತದೆ."

"ಸೆರಗು ಹೊದಿಯೋದನ್ನ ನನಗೇ ಹೇಳಿಕೊಡ್ತೀರಾ?"

"ಸೆರಗು ಚೆನ್ನಾಗೇ ಹೊದ್ದಿದೀಯ. ಗೂಟ ಹೊಡೆಯೋದು ಗೊತ್ತಿಲ್ಲ. ಆಚೆಗೆ ವಾಲಿಸಿ ಹೊಡಿ, ಇಲ್ಲಾಂದ್ರೆ ಕಿತ್ತು ಬರ್ತದೆ."

ಅವಳು ಮುಖ ಬಗ್ಗಿಸಿದಳು. ಕಿವಿ ಬಿಸಿಯಾಗಿತ್ತು.

"ಅಷ್ಟು ಬಿಗೀಬೇಡ. ಕೆಳಗೆ ಒಂದು ಗೇಣು ಬಿಡು. ಗಾಳಿ ಆಡ್ತಿರಬೇಕು ಅಂದಿದಾರೆ ಡಾಕ್ಟರು."

ಹಗ್ಗ ಮತ್ತೆ ಜಾರಿತು. ಅವನು ತಡೆಯಲಾರದೆ ಹತ್ತಿರ ಬಂದು ಅದರ ತುದಿ ಹಿಡಿದ. ಒಂದೇ ಹಗ್ಗದ ಮೇಲೆ ಇಬ್ಬರ ಬೆರಳು. ಅವನ ಕಿರುಬೆರಳು ಅವಳದಕ್ಕೆ ತಾಗಿತು. ಕೆಂಡ ಮುಟ್ಟಿದವನಂತೆ ಅವನು ಕೈ ತೆಗೆದ.

"ನಾನು ಬೇಡ ಅಂತ ಯಾಕೆ ಹೇಳಿ ಕಳಿಸಿದ್ರಿ?" ಅವಳು ಗೂಟವನ್ನೇ ನೋಡುತ್ತಾ ಕೇಳಿದಳು.

ಅವನು ತನ್ನ ಮರದ ಹತ್ತಿರ ಹೋಗಿ ನಿಂತುಕೊಂಡ ಮೇಲೆ ಉತ್ತರ ಬಂತು.

"ಪಕ್ಕದ ಮಂಚದಲ್ಲಿ ಜವರಯ್ಯ ಅಂತ ಒಬ್ಬ ಇದ್ದ. ಹೆಂಡತಿ ದಿನಾ ಬಂದು ತುತ್ತು ಮಾಡಿ ಉಣ್ಣಿಸ್ತಿದ್ಲು. ಅವನು ವಾಸಿಯಾಗಿ ಊರಿಗೆ ಹೋದ. ಆಮೇಲೆ ಅವಳನ್ನ ಹೆಂಗಸರ ವಾರ್ಡಲ್ಲಿ ನೋಡಿದೆ." ಟವಲ್ಲನ್ನು ಇನ್ನಷ್ಟು ಬಿಗಿ ಮಾಡಿಕೊಂಡ. "ಅವಳು ಊರಿಗೆ ಹೋಗಲಿಲ್ಲ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಬಿಡ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಸಕಲೇಶಪುರದ ಕಡೆಯಿಂದ ಗಂಡಿನವರು ನೋಡೋಕೆ ಬರ್ತಿದಾರೆ," ಎಂದಳು.

"ಒಳ್ಳೇದು. ಒಪ್ಪಿಕೋ." ಬಹಳ ಬೇಗ ಹೇಳಿದ. ಆಮೇಲೆ ಬಗ್ಗಿ, ಗಟ್ಟಿಯಾಗಿಯೇ ಇದ್ದ ಗೂಟಕ್ಕೆ ಕಲ್ಲಿನಿಂದ ಮತ್ತೆ ಮತ್ತೆ ಹೊಡೆದ.

ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಕಪ್ಪಾಗಿ ಮೋಡ ಎದ್ದಿತು. ಬೇಸಿಗೆಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಮೊದಲು ಗಾಳಿ, ಅದರ ಹಿಂದೆಯೇ ಆಲಿಕಲ್ಲು. ಮನೆ ಕಣದ ಆಚೆ ದೂರದಲ್ಲಿತ್ತು. "ಒಳಗೆ ಹೋಗು," ಎಂದ ಸಾಂತಪ್ಪ. ಅವಳು ಟಾರ್ಪಾಲಿನಡಿ ನುಗ್ಗಿದಳು. ಹಿಂದೆಯೇ ಅವನು ಎಲೆಗಳೆರಡನ್ನೂ ಎಳೆದು ಕಟ್ಟಿದ.

ಅವನೂ ಆ ಕಡೆಯಿಂದ ಬರುತ್ತಾನೆ ಎಂದುಕೊಂಡಳು. ಬರಲಿಲ್ಲ. ತಲೆಯ ಮೇಲೆ ಆಲಿಕಲ್ಲಿನ ಸದ್ದು ಕಿವಿಗಡಚಿಕ್ಕುತ್ತಿತ್ತು. ಬಾಗಿಲ ಕೆಳಗೆ ಬಿಟ್ಟ ಗೇಣಗಲದ ಸಂದಿಯಲ್ಲಿ ಬಗ್ಗಿ ನೋಡಿದರೆ ಅವನ ಎರಡು ಪಾದಗಳು ಕಂಡವು. ಮಳೆಯಲ್ಲೇ ನಿಂತಿದ್ದ.

"ಒಳಗೆ ಬನ್ನಿ," ಎಂದಳು.

"ಮುಚ್ಚಿದ ಜಾಗದಲ್ಲಿ ನಿನ್ನ ಜೊತೆ ಕೂರಲ್ಲ."

"ಹಾಗಾದ್ರೆ ನಾನು ಹೊರಗೆ ಬರ್ತೀನಿ."

"ಮಂಗಳ, ಹಟ ಮಾಡಬೇಡ."

ಅವಳು ಸಂದಿಯಲ್ಲಿ ಕೈ ಹಾಕಿ ಬಾಗಿಲ ಗಂಟು ಎಳೆದಳು. ಎಲೆ ಗಾಳಿಗೆ ಹಾರಿತು. ಅವನು ಮೈಯೆಲ್ಲ ಒದ್ದೆಯಾಗಿ ನಡುಗುತ್ತಿದ್ದ. ತೋಳು ಹಿಡಿದು ಒಳಗೆಳೆದು, ಕಂಬಳಿ ಹೊದಿಸಿ ಜೋಲಿಯಲ್ಲಿ ಕೂರಿಸಿದಳು. ಗಾಳಿಯ ಕಡೆಯ ಬಾಗಿಲನ್ನು ಕಟ್ಟಿ, ಇನ್ನೊಂದನ್ನು ಮೇಲಕ್ಕೆ ಸುತ್ತಿ, ಆ ತೆರೆದ ತುದಿಯಲ್ಲಿ ಅವನಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಳು.

"ಈಗ ಗಾಳಿ ಆಡ್ತಿದೆ. ಸಾಕಾ?"

ಬೆನ್ನ ಹಿಂದೆ ಅವನು ಅಳು ನುಂಗಿದ ಸದ್ದು ಕೇಳಿತು. ಅವಳು ತಿರುಗಿ ನೋಡಲಿಲ್ಲ. ಮಳೆ ನಿಂತಾಗ ಅತ್ತಿಗೆ ಕಾಮಾಕ್ಷಮ್ಮ ಕೊಡೆ ಹಿಡಿದು ಓಡಿ ಬಂದು, ಇಬ್ಬರನ್ನೂ ಕಂಡು, ಸುಮ್ಮನೆ ಬಿಸಿ ಕಾಫಿ ತರಲು ಹೋದಳು.

ಮರುದಿನವೇ ಸಾಂತಪ್ಪನಿಗೆ ಜ್ವರ ಎಂಬ ಸುದ್ದಿ ಅಂಗಡಿಗೆ ಬಂತು. ಅವನನ್ನು ಮಡಿಕೇರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸರ್ವಮಂಗಳ ಮಿಷನ್ನಿನ ಮುಂದೆ ಕುಳಿತು ಒಂದೇ ಹೊಲಿಗೆಯನ್ನು ಹಾಕಿ ಬಿಚ್ಚಿದಳು, ಹಾಕಿ ಬಿಚ್ಚಿದಳು. ನನ್ನಿಂದಲೇ ನೆನೆದರಲ್ಲ ಎಂಬುದು ಅವಳನ್ನು ತಿನ್ನುತ್ತಿತ್ತು.

ಸಂತೆಯ ದಿನ ಗಿರಾಕಿಗಳು ಕರಗಿದ ಮೇಲೆ ಅಪ್ಪನಿಗೆ ಹೇಳಿದಳು, "ಸಕಲೇಶಪುರದವರಿಗೆ ಬರಬೇಡಿ ಅನ್ನಿ."

"ಆ ರೋಗಿಷ್ಟನಿಗೆ ಕೊಟ್ಟು, ನಾನೇ ನಿನ್ನ ಮಣ್ಣು ಮಾಡ್ಲೇನೆ?"

"ಕೊಡಿ ಅಂತ ನಾನು ಕೇಳಲಿಲ್ಲ, ಅಪ್ಪಾಜಿ. ಬೇರೆಯವರಿಗೆ ಕೊಡಬೇಡಿ ಅಂದೆ."

ಅವರು ಎರಡು ದಿನ ಅವಳೊಡನೆ ಮಾತು ಬಿಟ್ಟರು. ಮೂರನೆಯ ದಿನ ಟೋಪಿ ಹಾಕಿಕೊಂಡು, "ನಡಿ, ಅವನ್ನ ನೋಡ್ಬೇಕು," ಎಂದರು.

ಮಡಿಕೇರಿಯಿಂದ ಮರಳಿದ್ದ ಸಾಂತಪ್ಪ ಕಣದ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವರನ್ನು ಕಂಡು ಎದ್ದು ನಿಂತ. ಅಪ್ಪ ಕಣದ ಅಂಚಿನಲ್ಲೇ ನಿಂತು ಕೇಳಿದರು, "ಏನಂದ್ರು ಮಡಿಕೇರೀಲಿ?"

"ನೆನೆದು ಬಂದ ಜ್ವರ ಅಷ್ಟೆ ಅಂದ್ರು, ಮಾವ. ಎಕ್ಸ್‌ರೇಲಿ ಹಳೇ ಗಾಯ ಒಣಗಿದೆ. ಆದ್ರೂ ಒಂದು ವರ್ಷ ನೋಡ್ಬೇಕಂತೆ."

"ವರ್ಷ ಆದ್ಮೇಲೆ?"

"ಗ್ಯಾರಂಟಿ ಇಲ್ಲ ಅಂದ್ರು."

ಅಪ್ಪ ಮಗಳ ಕಡೆ ತಿರುಗಿದರು. ಆ ಮುಖದಲ್ಲಿ ಏನು ಕಂಡರೋ, "ನಾನು ಸಣ್ಣಸ್ವಾಮಿ ಹತ್ರ ಮಾತಾಡಿ ಬರ್ತೀನಿ," ಎಂದು ಮನೆಯ ಕಡೆ ನಡೆದರು.

ಇಬ್ಬರೇ ಉಳಿದರು. ಸಾಂತಪ್ಪ ಟವಲ್ಲನ್ನು ಸುತ್ತಿಕೊಂಡು ಬಿಚ್ಚಿದ, ಮತ್ತೆ ಸುತ್ತಿಕೊಂಡ. ಕೊನೆಗೆ ಅವಳನ್ನು ನೇರವಾಗಿ ನೋಡಿದ.

"ಮಂಗಳ, ನಿನ್ನನ್ನ ಒಂದು ಮಾತು ಕೇಳ್ಲಾ?"

"ಕೇಳಿ."

"ಕಾಯ್ತೀಯಾ?"

ಅವಳು ಉತ್ತರ ಕೊಡುವ ಮೊದಲೇ ಅವನಿಗೆ ಕೆಮ್ಮು ಬಂತು. ಬಗ್ಗಿ, ಎದೆ ಹಿಡಿದು ಕೆಮ್ಮಿದ. ಅವಳ ಕಾಲು ಹಿಂದೆ ಸರಿಯಲು ಹವಣಿಸಿತು. ಅದನ್ನು ಅವನೂ ಕಂಡ. ಟವಲ್ಲು ತೆಗೆದು ನೋಡಿದ. ಬೆಳ್ಳಗಿತ್ತು.

ಅವಳು ಇದ್ದಲ್ಲೇ ಇದ್ದಳು.

"ಹೆದರಿಕೆ ಆಗ್ತದೆ," ಎಂದಳು. "ಆದ್ರೂ ಕಾಯ್ತೀನಿ."