ಕರಗದ ನೀಲಿ

"ಅಕ್ಕಾ, ನಿನ್ನ ಬಟ್ಟೆಗೆ ದಡಾರ ಬಂದಿದೆ!" ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊಂಡಿಗೆ ಅಳುವೇ ಬಂತು. ಬಕೆಟ್‌ನಿಂದ ಎತ್ತಿದ ಬಟ್ಟೆಚೂರಿನ ತುಂಬ ಕಡುನೀಲಿ ಚುಕ್ಕಿಗಳು. ಸದ್ಯ, ಮೊದಲು ಚೂರನ್ನು ಅದ್ದಿ ನೋಡಿದ್ದಳು! ನೀಲಿ ಬಣ್ಣ ಹಾಕಬೇಕಿದ್ದ ಶಾಲೆಯ ನಾಟಕದ ಬಿಳಿ ಪರದೆ ಇನ್ನೂ ಮಡಚಿಟ್ಟ ಹಾಗೇ ಇತ್ತು. ಆದರೆ ನಾಟಕ ನಾಳೆಯೇ.

ಅಮ್ಮ ಬಟ್ಟೆಗೆ ಬಣ್ಣ ಹಾಕುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. "ನಿಮ್ಮಮ್ಮ ಮಾಡ್ತಾರೆ, ನೀನು ಕೊಚ್ಚಿಕೊಳ್ತೀಯ" ಎಂದು ಕ್ಲಾಸಿನವರು ರೇಗಿಸಿದ್ದರು. "ನಾನೊಬ್ಳೇ ಮಾಡ್ತೀನಿ, ನೋಡ್ತಿರಿ!" ಎಂದು ಇವಳು ಸವಾಲು ಹಾಕಿ ಬಂದಿದ್ದಳು.

ಅಮ್ಮ ಬಣ್ಣದ ಪುಡಿಗೆ ಬಿಸಿನೀರು ಸುರಿಯುವುದನ್ನು ಮೊಂಡಿ ದಿನಾ ಕಂಡಿದ್ದಳು. ಆದರೆ ಇವಳು ಒಲೆ ಮುಟ್ಟುವ ಹಾಗಿಲ್ಲ. ತಣ್ಣಗಿದ್ದರೇನು, ನೀರು ನೀರೇ ತಾನೇ ಅಂದುಕೊಂಡಿದ್ದಳು.

ಮನೆಯವರು ಅವಳನ್ನು ಮೊಂಡಿ ಎನ್ನುವುದು ಸುಮ್ಮನೆ ಅಲ್ಲ. ರಟ್ಟೆ ನೋಯುವ ತನಕ ಕೋಲಿನಿಂದ ಕಲಕಿದಳು. ಇನ್ನಷ್ಟು ಪುಡಿ ಹಾಕಿದಳು. ಅದೂ ಹೋಗಿ ತಳದಲ್ಲಿ ಕೂತಿತು.

"ನಾನು ಹೇಳಲೇನೇ?" ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಬೇಡ! ನೀನು ಬರಲೇಬಾರದು!"

ಪುಡಿ ತೆಗೆದ ಮಗ್ಗಿನ ತಳದಲ್ಲಿ ನೀಲಿ ಹೆಂಟೆ ಅಂಟಿತ್ತು. ತೊಳೆಯಲು ಬಚ್ಚಲಿಗೆ ಒಯ್ದಳು. ಸ್ನಾನಕ್ಕೆ ತೋಡಿಟ್ಟಿದ್ದ ಬಿಸಿನೀರು ಒಂದಿಷ್ಟು ಸುರಿದಿದ್ದೇ ತಡ, ಹೆಂಟೆ ಬಿಡಿಸಿಕೊಂಡು ಮಗ್ಗೆಲ್ಲ ನೀಲಿ!

"ಅರೆ!"

ಎರಡು ಲೋಟ ತಂದಳು. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಬಿಸಿನೀರು. ಎರಡಕ್ಕೂ ಒಂದೊಂದು ಚಿಟಿಕೆ ಪುಡಿ. ತಣ್ಣೀರಿನದು ಮುಖ ಊದಿಸಿಕೊಂಡು ತಳದಲ್ಲೇ ಕೂತಿತು. ಬಿಸಿನೀರಿನದು ಚಮಚ ಆಡಿಸುತ್ತಿದ್ದ ಹಾಗೇ ಕರಗಿ ಹೋಯಿತು.

ಗೊತ್ತಾಯಿತು. ಆದರೆ ಪರದೆಗೆ ಬಕೆಟ್ ತುಂಬ ಕುದಿನೀರು ಬೇಕಲ್ಲ! ಮೊಂಡಿ ಅಡುಗೆಮನೆ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಳು. ಕೇಳಿದರೆ ಸವಾಲು ಸೋತ ಹಾಗೆ. ಕೇಳದಿದ್ದರೆ ಪರದೆಯೇ ಇಲ್ಲ.

"ಅಮ್ಮಾ... ನೀರು ಕಾಯಿಸಿ ಕೊಡ್ತೀಯಾ? ಬರೀ ನೀರು. ಮಿಕ್ಕಿದ್ದು ನಾನೇ."

"ಬರೀ ನೀರೇ ಕೊಡ್ತೀನಿ ಕಣೇ ಮಹಾರಾಯ್ತಿ" ಎಂದು ಅಮ್ಮ ನಕ್ಕಳು.

ಈ ಸಲ ಮೊಂಡಿ ಅವಸರ ಮಾಡಲಿಲ್ಲ. ಸ್ವಲ್ಪವೇ ಬಿಸಿನೀರಿನಲ್ಲಿ ಪುಡಿಯನ್ನು ಗಂಟಿಲ್ಲದೆ ಕಲಸಿದಳು. ಆಮೇಲೆ ಅದನ್ನು ಕುದಿನೀರಿನ ಬಕೆಟ್‌ಗೆ ಸುರಿದು ಕಲಕಿದಳು. ಮತ್ತೊಂದು ಚೂರು ಅದ್ದಿ ನೋಡಿದಳು. ಒಂದೂ ಚುಕ್ಕಿಯಿಲ್ಲ! ಆಗಲೇ ಪರದೆಯನ್ನು ಬಕೆಟ್‌ಗೆ ಇಳಿಸಿದ್ದು.

ಮರುದಿನ ವೇದಿಕೆಯ ಮೇಲೆ ನೀಲಿ ಪರದೆ ತೂಗಾಡಿತು. ಪಕ್ಕದ ಬೆಂಚಿನ ಹುಡುಗಿ ಕಣ್ಣು ಕಿರಿದು ಮಾಡಿ ಕೇಳಿದಳು: "ನಿಜ ಹೇಳು, ನೀನೊಬ್ಳೇ ಮಾಡಿದ್ಯಾ?"

ಹೂಂ ಅಂದುಬಿಡಬಹುದಿತ್ತು.

"ಬಿಸಿನೀರು ಅಮ್ಮ ಕೊಟ್ಲು" ಎಂದಳು ಮೊಂಡಿ.

ಹೇಳಿದ ಮೇಲೆ ಮತ್ತೆ ಪರದೆ ನೋಡಿದಳು. ಈಗಲೂ ಅದು ತನ್ನದೇ ಅನ್ನಿಸಿತು.