ಪರದೆಗೆ ಬಂದ ಜ್ವರ

ತೀರಿಹೋದ ಅತ್ತೆ ಕೊನೆಯವರೆಗೂ ಹೊದೆಯುತ್ತಿದ್ದ ಹತ್ತಿಯ ಹೊದಿಕೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅಂಚು ಮಡಚಿ, ಶಾಖಕ್ಕೆ ಅಂಟುವ ಪಟ್ಟಿಯಿಟ್ಟು ಇಸ್ತ್ರಿ ಒತ್ತಿ, ಒಂದು ಹೊಲಿಗೆಯೂ ಇಲ್ಲದೆ ಮಗಳ ಕೋಣೆಯ ಕಿಟಕಿಗೆ ಪರದೆ ಮಾಡಿದೆ.

ಮರುದಿನ ಬೆಳಿಗ್ಗೆ ಮಗಳು ಅಡುಗೆಮನೆಗೆ ಓಡಿಬಂದಳು. "ಅಮ್ಮಾ, ಪರದೆಗೆ ಜ್ವರ ಬಂದಿದೆ!"

"ಹಾಗಾದ್ರೆ ಅದಕ್ಕೂ ಸ್ಕೂಲಿಗೆ ರಜಾನಾ, ಕಳ್ಳಿ?" ಎಂದು ನಗುತ್ತಲೇ ಹೋಗಿ ಮುಟ್ಟಿದೆ. ಆ ಕಿಟಕಿಗೆ ಬಿಸಿಲು ಬೀಳುವುದಿಲ್ಲ. ಆದರೂ ಬಟ್ಟೆಯ ನಡುಭಾಗ ಮೈಯಂತೆ ಬಿಸಿಯಾಗಿ, ಬೆವರಿದಂತೆ ಒದ್ದೆಯಾಗಿತ್ತು.

ಕಿತ್ತು ತಣ್ಣೀರಿನ ಬಕೆಟ್ಟಿನಲ್ಲಿ ನೆನೆಹಾಕಿದೆ. ನೀರು ಉಗುರುಬೆಚ್ಚಗಾಯಿತು. ಸಂಜೆ ಬಟ್ಟೆ ತಣ್ಣಗಾಗುವ ಹೊತ್ತಿಗೆ ಮಗಳ ಹಣೆ ಸುಡುತ್ತಿತ್ತು.

ಡಾಕ್ಟರಿಗೆ ಕಾರಣ ಸಿಕ್ಕಿಲ್ಲ, ಜ್ವರವೂ ಇಳಿದಿಲ್ಲ. ಜ್ವರ ಅದಕ್ಕೇ ಮರಳಲಿ ಎಂದು ಪರದೆಯನ್ನು ಮತ್ತೆ ತೂಗುಹಾಕಿದ್ದೇನೆ. ಪಾತ್ರೆ ತೊಳೆಯುವ ನಡುವೆಯೂ ಕೈ ಒರೆಸಿಕೊಂಡು ಹೋಗಿ ಮುಟ್ಟಿ ನೋಡುತ್ತೇನೆ. ಅದು ತಣ್ಣಗೇ ಇದೆ.