ಕ್ವಾರಿ ನೀರಿನ ತೂಕ

1989ರ ಜುಲೈ 17, ಸೋಮವಾರ, ಬೆಳಿಗ್ಗೆ 9:20. ಸೌತ್ ಸಿ ಬಡಾವಣೆಯಿಂದ ಠಾಣೆಗೆ ಬಂದ ಜಯಲಕ್ಷ್ಮಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಮ್ಮ ಯಜಮಾನ್ರು ತೂಕ ಟೆಸ್ಟ್ ಮಾಡ್ದೆ ನೀರಿಗಿಳಿಯೋರೇ ಅಲ್ಲ ಸರ್. ಆಕ್ಸಿಡೆಂಟ್ ಅಂತ ಬರೀಬೇಡಿ."

ಆಕೆಯ ಗಂಡ, ಲೆಕ್ಚರರ್ ಅನಂತ್, ಡೈವಿಂಗ್ ಕ್ಲಬ್ಬಿನ ಶಿಕ್ಷಕ. ಹಿಂದಿನ ದಿನ ನೀರು ತುಂಬಿದ ಹಳೆಯ ಕಲ್ಲು ಕ್ವಾರಿಯಲ್ಲಿ ಮುಳುಗಿ ಸತ್ತಿದ್ದ. ಮೇಲಧಿಕಾರಿಗಳಿಗೆ ಅಪಘಾತವೇ ಸಾಕಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಇನ್ಸ್‌ಪೆಕ್ಟರ್ ಹಿಲರಿ ಲೋಬೊ ಮಾತ್ರ ಎಫ್‌ಐಆರ್ ಬರೆಸಿದ.

11:40ಕ್ಕೆ ಕ್ವಾರಿ. ಭೂಮಧ್ಯರೇಖೆಯ ದಕ್ಷಿಣದ ಜುಲೈ ಚಳಿ, ಕಪ್ಪು ನೀರು, ಒಂದು ಹಕ್ಕಿಯ ಸದ್ದೂ ಇಲ್ಲ. ಶವ ಸಿಕ್ಕಾಗ ತಲೆ ಕೆಸರಿನಲ್ಲಿ, ಕಾಲು ಮೇಲಿತ್ತಂತೆ. ಕ್ಲಬ್ಬಿನ ಉಪಕರಣ ನೋಡಿಕೊಳ್ಳುವ ವಲೇರಿಯನ್ ಹಿಲರಿಗೆ ವಿವರಿಸಿದ.

"ಡ್ರೈಸೂಟ್ ಅಂದ್ರೆ ನೀರು ಒಳಗೆ ಬಾರದ ಉಡುಪು ಸರ್. ಒಳಗೆ ಗಾಳಿ ಉಂಟು, ತೇಲಿಸ್ತದೆ. ಅದಕ್ಕೆ ಸೊಂಟಕ್ಕೆ ಸೀಸ ಕಟ್ಟುವುದು. ಸೀಸ ಹೆಚ್ಚಾದ್ರೆ ಮುಳುಗ್ತಾರೆ. ಹೆದರಿ ಸೂಟಿಗೆ ಇನ್ನೂ ಗಾಳಿ ಬಿಡ್ತಾರೆ. ಅದು ಕಾಲಿಗೆ ನುಗ್ಗಿದ್ರೆ ತಲೆಕೆಳಗೆ."

"ಸರಿಯಾದ ತೂಕ ಹೇಗೆ ಗೊತ್ತಾಗ್ತದೆ?"

"ಹೆಚ್ಚುಕಮ್ಮಿ ಖಾಲಿ ಗಾಳಿ ಸಿಲಿಂಡರ್ ಬೆನ್ನಿಗೆ ಹಾಕಿ, ಕೈಕಾಲು ಆಡಿಸದೆ ನೀರಲ್ಲಿ ನೆಟ್ಟಗೆ ತೇಲಬೇಕು. ನೀರು ಕಣ್ಣಿನ ಮಟ್ಟಕ್ಕೆ ಬಂದ್ರೆ ಸರಿ."

"ನಿನ್ನೆ ಮಾಡಿದ್ರಾ?"

"ಎಲ್ಲರೆದುರು. ಹತ್ತು ಕೇಜಿ. ಸರಿಯಾಗಿತ್ತು."

"ಆಮೇಲೆ?"

"ಚಹಾ ಕುಡಿದ್ರು. ಮತ್ತೆ ಗಾಳಿ ತುಂಬಿದ ಬೇರೆ ಸಿಲಿಂಡರ್ ಹಾಕಿಕೊಂಡ್ರು."

"ಬದಲಿಸಿದ್ದು ಯಾರು?"

ವಲೇರಿಯನ್ ನೀರಿನ ಕಡೆ ನೋಡಿದ. "ನಾನೇ."

ಪಂಚನಾಮೆಯಲ್ಲಿ ಬೆಲ್ಟಿನ ಸೀಸ ಹತ್ತೇ ಕೇಜಿ. ಸಿಲಿಂಡರನ್ನು ಯಾರೂ ತೂಗಿರಲಿಲ್ಲ. ತುಂಬಿದ್ದು ಹೇಗೂ ಭಾರವೇ, ಹಾಗಾಗಿ ಅನಂತನೂ ಅನುಮಾನಪಟ್ಟಿರಲಾರ. 2:15ಕ್ಕೆ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನ ತಕ್ಕಡಿಗೆ ಕಾನ್‌ಸ್ಟೇಬಲ್ ಮುಟುವಾ ಆ ಸಿಲಿಂಡರನ್ನು ಏರಿಸಿದ. ಅದೇ ಅಳತೆಯ, ಅಷ್ಟೇ ಗಾಳಿಯಿದ್ದ ಇನ್ನೊಂದಕ್ಕಿಂತ ಐದು ಕೇಜಿ ಹೆಚ್ಚು. ತಳದ ರಬ್ಬರ್ ಕವಚ ಕಿತ್ತರೆ ಒಳಗೆ ಸೀಸದ ತಗಡು, ಸುತ್ತಿ ಸುತ್ತಿ ತುರುಕಿದ್ದು.

5:05ಕ್ಕೆ ಲೊರೆಶೋ ಬಡಾವಣೆಯ ಕ್ಲಬ್ ಕೊಠಡಿಯಲ್ಲಿ ಕೋಳ ಬಿದ್ದಾಗ ವಲೇರಿಯನ್ ಕೊಸರಾಡಲಿಲ್ಲ.

"ಯಾಕೆ?"

"ಕಳೆದ ವರ್ಷ ನನ್ನ ತಮ್ಮ ಫ್ರೆಡ್ರಿಕ್ ಅದೇ ಕ್ವಾರಿಯಲ್ಲಿ ಹೋದ. ಮೊಂಬಾಸಾ ಸಮುದ್ರಕ್ಕೆ ಕಟ್ಟಿದ ತೂಕವನ್ನೇ ಅನಂತ್ ಸರ್ ಇಲ್ಲಿಯೂ ಕಟ್ಟಿಸಿದ್ದು. ಉಪ್ಪುನೀರು ಹೆಚ್ಚು ತೇಲಿಸ್ತದೆ, ಸಿಹಿನೀರಿಗೆ ಅಷ್ಟು ಸೀಸ ಬೇಡ. ಟೆಸ್ಟೂ ಮಾಡಿಸ್ಲಿಲ್ಲ. ಆಮೇಲೆ ಪ್ರತಿ ಆದಿತ್ಯವಾರ ಹೊಸಬರಿಗೆ ಅದೇ ಪಾಠ: 'ಒಬ್ಬ ಟೆಸ್ಟ್ ಮಾಡದೆ ಇಳಿದ, ಸತ್ತ.' ನಾನು ಪಕ್ಕದಲ್ಲಿ ಸಿಲಿಂಡರ್ ಹಿಡ್ಕೊಂಡು ಕೇಳ್ಬೇಕು ಸರ್."

"ಪೊಲೀಸರಿಗೆ ಹೇಳ್ಲಿಲ್ವಾ?"

"ಬರೆದು ಕೊಟ್ಟಿದ್ದೆ."

ಹಿಲರಿ ಹಳೆಯ ಕಡತ ತರಿಸಿದ. ವಲೇರಿಯನ್ ಕೊಟ್ಟ ಎರಡು ಪುಟದ ದೂರು ಅದರಲ್ಲಿತ್ತು. ಕೆಳಗೆ ಷರಾ: 'ಮೃತನ ಅಜಾಗರೂಕತೆ. ತನಿಖೆ ಅನಗತ್ಯ.' ಸಹಿ ಹಿಲರಿಯದೇ. ದೂರನ್ನು ಓದಿದ ನೆನಪು ಮಾತ್ರ ಅವನಿಗಿರಲಿಲ್ಲ.